ಹೀರೋಗಳನ್ನ ಹೋಲಿಸೋದು ಹೇಗೆ: ವಿಲನ್ ಸತ್ತ ಮಾರನೇ ಬೆಳಿಗ್ಗೆಯಿಂದ ಶುರು ಮಾಡಿ

ಹೋದ ವಾರ ಅಕ್ಕನ ಮಗಳು ಫೋನ್ ಮಾಡಿದ್ಲು, ಡಿಗ್ರಿ ಎರಡನೇ ವರ್ಷ, "ಮಾಮ ಒಂದು ಅಸೈನ್‌ಮೆಂಟ್ ಇದೆ, ಹಳೇ ಕಾಲದ ವೀರರು ಈ ಕಾಲದ ಹೀರೋಗಳು ಕೆಟ್ಟದ್ದರ ವಿರುದ್ಧ ಹೇಗೆ ಹೋರಾಡ್ತಾರೆ ಅಂತ ಹೋಲಿಸಿ ಬರೀಬೇಕಂತೆ, ಸೋಮವಾರ ಲಾಸ್ಟ್ ಡೇಟ್, ರಾಮನ್ನೂ ಸೂಪರ್‌ಮ್ಯಾನನ್ನೂ ಹಾಕಿ ಮುಗಿಸಿಬಿಡ್ಲಾ" ಅಂತ. ಮುಗಿಸಬಹುದು, ಯಾರೂ ಬೇಡ ಅನ್ನಲ್ಲ. ಆದ್ರೆ ಇದೇ ತಪ್ಪನ್ನ ನಾನೂ ಮಾಡಿದ್ದೆ, ಅದಕ್ಕೇ ಅವಳಿಗೆ ಒಂದೂವರೆ ಗಂಟೆ ಕೊರೆದೆ, ಆ ಕೊರೆತಾನೇ ಇಲ್ಲಿ ಸ್ವಲ್ಪ ನೀಟಾಗಿ ಬರೀತಿದ್ದೀನಿ.

ನಾನು ಓದುವಾಗ ಇಂಥದ್ದೇ ಒಂದು ಸೆಮಿನಾರ್ ಇತ್ತು. ಡ್ರಾಯಿಂಗ್ ಶೀಟ್ ಮೇಲೆ ಸ್ಕೇಲಿಟ್ಟು ಎರಡು ಕಾಲಂ ಎಳೆದೆ, ಎಡಗಡೆ ಬಿಲ್ಲು ಬಾಣ ಬಲಗಡೆ ಪಿಸ್ತೂಲು, ಎಡಗಡೆ ರಾಕ್ಷಸ ಬಲಗಡೆ ಭ್ರಷ್ಟಾಚಾರಿ, ಎಡಗಡೆ ಧರ್ಮ ಬಲಗಡೆ ನ್ಯಾಯ, ಹೀಗೆ ಹದಿನಾರು ಸಾಲು, ಕೆಳಗೆ ಎರಡು ಬಣ್ಣದ ಸ್ಕೆಚ್ ಪೆನ್ನಲ್ಲಿ ಬಾರ್ಡರ್ ಬೇರೆ. ಓದಿ ಕೂತೆ. ಮೇಷ್ಟ್ರು ಕನ್ನಡಕ ತೆಗೆದು "ಸರಿ ಕಣಪ್ಪಾ, ಅದಕ್ಕೇನೀಗ?" ಅಂದ್ರು. ಅಷ್ಟೇ. ಕ್ಲಾಸೆಲ್ಲ ನಕ್ಕಿತು, ನಂಗೆ ಅವತ್ತು ಸಿಟ್ಟು ಬಂದಿತ್ತು, ಈಗ ಅನ್ಸುತ್ತೆ ಅದಕ್ಕಿಂತ ಒಳ್ಳೇ ಪ್ರಶ್ನೆ ಅವರು ಕೇಳೋಕೆ ಸಾಧ್ಯಾನೇ ಇರ್ಲಿಲ್ಲ. ಆಯುಧ ಬದಲಾಗಿದೆ ಅನ್ನೋದು ಯಾರಿಗೆ ಗೊತ್ತಿಲ್ಲ ಹೇಳಿ.

ಮೊದಲು ಹೆಸರಲ್ಲ, ಸೀನು ಹಿಡೀರಿ

ಎಲ್ಲರೂ ಮಾಡೋದು ಏನಂದ್ರೆ ಇಬ್ಬರು ಹೀರೋಗಳ ಹೆಸರು ಬರ್ಕೊಂಡು ಕೂತ್ಕೋತಾರೆ. ರಾಮ ಅಂದ್ರೆ ಏಳು ಕಾಂಡ, ಸೂಪರ್‌ಮ್ಯಾನ್ ಅಂದ್ರೆ 1938ರಿಂದ ಇವತ್ತಿನವರೆಗೆ ಬಂದಿರೋ ಸಾವಿರಾರು ಕಾಮಿಕ್ಸು. ಅದೆಲ್ಲವನ್ನೂ ಆರು ಪೇಜಿಗೆ ತುಂಬಕ್ಕೆ ಹೋದ್ರೆ ಬರೋದು "ಇಬ್ಬರೂ ಶೂರರು, ಇಬ್ಬರೂ ದುಷ್ಟರನ್ನ ಶಿಕ್ಷಿಸಿದರು" ಅನ್ನೋ ಸಾಲು ಮಾತ್ರ. ಅದರ ಬದಲು ಒಂದೇ ಒಂದು ಸನ್ನಿವೇಶ ಹಿಡೀರಿ, ಅಲ್ಲಿ ಯಾರಿಗೋ ಅನ್ಯಾಯ ಆಗಿರಬೇಕು, ಯಾರೋ ಸುಮ್ಮನೆ ನೋಡಿರಬೇಕು, ಆಮೇಲೆ ಹೀರೋ ಕೈ ಎತ್ತಿರಬೇಕು. ಅಂಥ ಒಂದು ಸೀನು ಹಳೇದ್ರಲ್ಲಿ, ಒಂದು ಹೊಸದ್ರಲ್ಲಿ. ಸಾಕು.

ನನ್ನ ಪ್ರಕಾರ ಹಳೇ ಕಡೆಯಿಂದ ಇದಕ್ಕೆ ಹೇಳಿ ಮಾಡಿಸಿದ್ದು ಕೀಚಕನ ಕಥೆ. ಕುರುಕ್ಷೇತ್ರ ಬೇಡ, ಅದು ತುಂಬಾ ದೊಡ್ಡದು, ಅಲ್ಲಿ ಕೆಡುಕು ಯಾವ ಕಡೆ ಇದೆ ಅಂತ ಹುಡುಕೋದ್ರಲ್ಲೇ ಆಯುಷ್ಯ ಮುಗಿಯುತ್ತೆ. ವಿರಾಟಪರ್ವದ ಈ ಭಾಗ ಚಿಕ್ಕದು, ಗಟ್ಟಿ, ಎಲ್ಲ ಒಂದೇ ಊರಲ್ಲಿ ಕೆಲವೇ ದಿನದಲ್ಲಿ ನಡೆದು ಹೋಗುತ್ತೆ. ಯಕ್ಷಗಾನದಲ್ಲಿ ಕೀಚಕವಧೆ ನೋಡಿದವರಿಗೆ ಗೊತ್ತು, ಕೀಚಕನ ಪ್ರವೇಶಕ್ಕೆ ಬೀಳೋ ಶಿಳ್ಳೆ ಕೆಲವು ಸಲ ಭೀಮನಿಗೂ ಬೀಳಲ್ಲ. ಅದೂ ಒಂದು ಪಾಯಿಂಟೇ, ಕೆಟ್ಟವನನ್ನ ನೋಡೋಕೆ ಚೆಂದ ಅನ್ನೋದು ಈಗಿನ ಸಿನಿಮಾದವರು ಕಂಡುಹಿಡಿದಿದ್ದಲ್ಲ.

ಕಥೆ ಗೊತ್ತು ಅಂತ ಹಾರಿಸ್ಬೇಡಿ, ಇಲ್ಲಿ ವಿವರಗಳೇ ಆಸ್ತಿ. ಪಾಂಡವರು ಹದಿಮೂರನೇ ವರ್ಷ ಮತ್ಸ್ಯದೇಶದಲ್ಲಿ ವೇಷ ಮರೆಸ್ಕೊಂಡಿದ್ದಾರೆ, ಸಿಕ್ಕಿಬಿದ್ರೆ ಮತ್ತೆ ಹನ್ನೆರಡು ವರ್ಷ ಕಾಡು. ಧರ್ಮರಾಯ ಕಂಕಭಟ್ಟನಾಗಿ ರಾಜನ ಜೊತೆ ಪಗಡೆ ಆಡ್ತಾನೆ, ಭೀಮ ವಲಲನಾಗಿ ಅಡುಗೆಮನೆ, ದ್ರೌಪದಿ ಸೈರಂಧ್ರಿಯಾಗಿ ರಾಣಿ ಸುದೇಷ್ಣೆಯ ತಲೆ ಬಾಚ್ತಾಳೆ, ಗಂಧ ತೇಯ್ತಾಳೆ. ಹತ್ತು ತಿಂಗಳು ಹೇಗೋ ಕಳೀತು. ಆಗ ರಾಣಿಯ ತಮ್ಮ, ಸೇನಾಪತಿ ಕೀಚಕನ ಕಣ್ಣು ಬಿತ್ತು. ಅವಳು ಒಲ್ಲೆ ಅಂದ್ಲು. ಆಗ ಸುದೇಷ್ಣೆ ಏನು ಮಾಡ್ತಾಳೆ ಗೊತ್ತಾ, ಹೆಂಡ ತಗೊಂಡು ಬಾ ಅಂತ ನೆಪ ಮಾಡಿ ಇವಳನ್ನ ತಾನೇ ತಮ್ಮನ ಮನೆಗೆ ಕಳಿಸ್ತಾಳೆ. ಅಲ್ಲಿಂದ ತಪ್ಪಿಸ್ಕೊಂಡು ಓಡಿ ರಾಜಸಭೆಗೆ ಬಂದ್ರೆ ಕೀಚಕ ಹಿಂದೇನೇ ಬಂದು ರಾಜನ ಕಣ್ಣೆದುರೇ ಅವಳನ್ನ ಒದೀತಾನೆ. ರಾಜ ಬಾಯಿ ಬಿಡಲ್ಲ. ಭೀಮ ಹೊರಗಿನ ಮರ ನೋಡ್ತಿದ್ದಾನೆ, ಕಿತ್ತು ಹೊಡೆಯೋಣ ಅಂತ, ಧರ್ಮರಾಯ "ಏನಯ್ಯಾ ಬಾಣಸಿಗ, ಸೌದೆ ಬೇಕಿದ್ರೆ ಊರಾಚೆ ಹೋಗಿ ಕಡ್ಕೋ" ಅನ್ನೋ ಅರ್ಥದಲ್ಲಿ ತಡೀತಾನೆ. ಆಮೇಲೆ ಹೆಂಡತಿಗೆ, ಇಲ್ಲಿ ನಿಂತು ಅಳಬೇಡ, ಪಗಡೆ ಆಟಕ್ಕೆ ಅಡ್ಡಿ ಆಗ್ತಿದೆ ಅಂತಾನೆ.

ಪಗಡೆ ಆಟಕ್ಕೆ ಅಡ್ಡಿ! ಯಾವ ಆಟದಲ್ಲಿ ಅವಳನ್ನ ಪಣಕ್ಕಿಟ್ಟು ಸೋತಿದ್ನೋ ಅದೇ ಆಟ. ಈ ಸಾಲು ಅಸೈನ್‌ಮೆಂಟಿನಲ್ಲಿ ಬರದೇ ಇದ್ರೆ ನೀವು ಕಥೆ ಓದಿಲ್ಲ ಅಂತಲೇ ಅರ್ಥ.

ರಾತ್ರಿ ಅವಳು ಅಡುಗೆಮನೆಗೆ ಹೋಗಿ ಭೀಮನ್ನ ಎಬ್ಬಿಸಿ ಗಂಧ ತೇದು ತೇದು ದಡ್ಡುಗಟ್ಟಿದ ಕೈ ತೋರಿಸ್ತಾಳೆ, ಆ ಕೈಗಳನ್ನ ಮುಖಕ್ಕೆ ಒತ್ಕೊಂಡು ಭೀಮ ಅಳ್ತಾನೆ. ನಾಳೆ ಬೆಳಗಾಗೋವರೆಗೂ ಅವನು ಬದುಕಿದ್ರೆ ನಾನು ವಿಷ ಕುಡೀತೀನಿ ಅಂತಾಳೆ. ನಮ್ಮ ಗದುಗಿನ ಕುಮಾರವ್ಯಾಸನ ಹತ್ರ ಬಂದ್ರೆ ಈ ಜಾಗ ಇನ್ನೂ ಉರಿಯುತ್ತೆ, ನೀವು ಗಂಡರೋ ಭಂಡರೋ ಅಂತ ದ್ರೌಪದಿ ಕೇಳೋ ಪದ್ಯ ಕನ್ನಡ ಮೇಷ್ಟ್ರು ಯಾರೇ ಇರಲಿ ಬಾಯಿಪಾಠ ಹೇಳ್ತಾರೆ. ಆಮೇಲಿಂದು ಗೊತ್ತೇ ಇದೆ, ಹಗಲು ಹೆಣ್ಣುಮಕ್ಕಳು ಕುಣಿಯೋ ನಾಟ್ಯಶಾಲೆ, ರಾತ್ರಿ ಖಾಲಿ, ಕತ್ತಲಲ್ಲಿ ಹಾಸಿಗೆ ಮೇಲೆ ಮಲಗಿರೋದು ಸೈರಂಧ್ರಿ ಅಂದ್ಕೊಂಡು ಕೀಚಕ ಬರ್ತಾನೆ. (ಆ ನಾಟ್ಯಶಾಲೆಯಲ್ಲಿ ಹಗಲು ಪಾಠ ಹೇಳ್ತಿದ್ದಿದ್ದು ಬೃಹನ್ನಳೆ ವೇಷದ ಅರ್ಜುನ, ಅಂದ್ರೆ ಕೊಲೆ ನಡೆದಿದ್ದು ತಮ್ಮನ ಆಫೀಸಲ್ಲಿ.) ಬೆಳಿಗ್ಗೆ ಕಾವಲಿನವರು ನೋಡಿದ್ರೆ ಕೈ ಎಲ್ಲಿ ಕಾಲೆಲ್ಲಿ ಗೊತ್ತಾಗದ ಮಾಂಸದ ಮುದ್ದೆ. ನನ್ನ ಗಂಧರ್ವ ಗಂಡಂದಿರು ಕೊಂದ್ರು ಅಂತಾಳೆ ಇವಳು. ಭೀಮ ವಾಪಸ್ ಹೋಗಿ ಅಡುಗೆಮನೇಲಿ ಮಲಗಿದಾನೆ.

ಈಗ ಹೊಸಬ ಯಾರು

ಅಕ್ಕನ ಮಗಳು ತಕ್ಷಣ "ರಾಕಿ ಭಾಯ್" ಅಂದ್ಲು. ಬೇಡ ಅಂದೆ. ಕೆಜಿಎಫ್ 2018ರಲ್ಲಿ ಬಂದಾಗ ನಾನೂ ಎರಡು ಸಲ ನೋಡಿದೀನಿ, ಆದ್ರೆ ರಾಕಿ ಹೊರಡೋದು ಅಮ್ಮನಿಗೆ ಕೊಟ್ಟ ಮಾತಿನಿಂದ, ಸಾಯೋವಾಗ ಶ್ರೀಮಂತನಾಗಿ ಸಾಯ್ತೀನಿ ಅಂತ. ಗರುಡನ್ನ ಕೊಲ್ಲೋದು ಒಂದು ಡೀಲ್ ಆಗಿ ಶುರುವಾಗುತ್ತೆ, ಗಣಿಯ ಜನರ ನೋವು ಆಮೇಲೆ ಬಂದು ಸೇರ್ಕೊಳ್ಳುತ್ತೆ. ಅವನನ್ನ ಕೆಡುಕಿನ ವಿರುದ್ಧ ಹೋರಾಡಿದವನು ಅಂತ ಸೀದಾ ಬರೆದ್ರೆ ಸುಳ್ಳಾಗುತ್ತೆ. ಬೇರೆ ಥರ ಬರೆಯೋಕೆ ಬಂದ್ರೆ ಒಳ್ಳೇ ಸಬ್ಜೆಕ್ಟೇ, ಆದ್ರೆ ಸೋಮವಾರದೊಳಗೆ ಕಷ್ಟ. ಕಾಂತಾರನೂ ಬೇಡ ಅಂದೆ, ಕಾರಣ ಬೇರೆ. ಅಲ್ಲಿ ಕೊನೆಗೆ ಹೊಡೆಯೋದು ಮನುಷ್ಯನ ಮೈಮೇಲೆ ಬಂದ ದೈವ, ಅದು ಹಳೇದಾ ಹೊಸದಾ ಅಂತ ತೀರ್ಮಾನ ಮಾಡೋದೇ ಬೇರೊಂದು ಪೇಪರ್ ಆಗುತ್ತೆ.

ಭೀಮನ ಎದುರಿಗೆ ಇಡೋಕೆ ನಂಗೆ ಹೊಳೆದಿದ್ದು ಬ್ಯಾಟ್‌ಮ್ಯಾನ್. ನಗಬೇಡಿ. ಇಬ್ಬರೂ ಕೆಲಸ ಮಾಡೋದು ರಾತ್ರಿ, ಇಬ್ಬರಿಗೂ ಹಗಲಿಗೊಂದು ವೇಷ ಸುಳ್ಳು ಬದುಕು, ಇಬ್ಬರೂ ಇರೋ ಊರಲ್ಲಿ ಕಾನೂನು ಇದ್ದೂ ಸತ್ತಿದೆ. ಜೋಡಿ ಆರಿಸೋವಾಗ ಇದೇ ನೋಡ್ಬೇಕು, ಪರಿಸ್ಥಿತಿ ಒಂದೇ ಥರ ಇರ್ಬೇಕು, ಆಗ ಮಾತ್ರ ಅವರು ಬೇರೆ ಬೇರೆ ಆಗೋ ಜಾಗ ಕಣ್ಣಿಗೆ ಹೊಡೆಯುತ್ತೆ. ರಾಮ ಮತ್ತು ಸ್ಪೈಡರ್‌ಮ್ಯಾನ್ ಅಂತ ತಗೊಂಡ್ರೆ ಒಬ್ಬ ರಾಜಕುಮಾರ ಇನ್ನೊಬ್ಬ ಸ್ಕೂಲ್ ಹುಡುಗ, ಎಲ್ಲವೂ ಬೇರೆ, ಆಗ ಹೋಲಿಸೋಕೆ ಏನು ಉಳೀತು.

ಯಾರ ಬಾಗಿಲು ತಟ್ಟಿದ್ರು

ಸೀನು ಸಿಕ್ಕ ಮೇಲೆ ಹೀರೋನ ಬಿಟ್ಟುಬಿಡಿ ಸ್ವಲ್ಪ ಹೊತ್ತು. ಅನ್ಯಾಯ ಆದವರು ಮೊದಲು ಎಲ್ಲಿಗೆ ಹೋದ್ರು, ಅಲ್ಲಿ ಏನಾಯ್ತು ಅಂತ ಬರೀರಿ. ದ್ರೌಪದಿ ಮೊದಲು ಹೋಗಿದ್ದು ಭೀಮನ ಹತ್ರ ಅಲ್ಲ. ರಾಣಿಗೆ ಹೇಳಿದ್ಲು, ರಾಣಿ ತಾನೇ ಸಿಕ್ಕಿಹಾಕಿಸಿದ್ಲು. ರಾಜನಿಗೆ ಹೇಳಿದ್ಲು, ರಾಜನಿಗೆ ಬಾಮೈದ ಬೇಕು ಸೈನ್ಯ ಬೇಕು. ಗಂಡನಿಗೆ ಹೇಳಿದ್ಲು, ಗಂಡನಿಗೆ ಅವಧಿ ಮುಗೀಬೇಕು. ಎಲ್ಲ ಬಾಗಿಲು ಮುಚ್ಚಿದ ಮೇಲೇನೇ ಅಡುಗೆಮನೆ ಬಾಗಿಲು. ಅಂದ್ರೆ ಹಳೇ ಕಥೆ ಕೆಡುಕನ್ನ ಕೀಚಕನೊಬ್ಬನ ತಲೆಗೇ ಕಟ್ಟಲ್ಲ, ಸುತ್ತ ಕೂತವರ ಪಾಲನ್ನೂ ಲೆಕ್ಕ ಹಾಕುತ್ತೆ, ಧರ್ಮರಾಯನ್ನೂ ಬಿಡಲ್ಲ.

ಬ್ಯಾಟ್‌ಮ್ಯಾನ್ ಕಡೆ ನೋಡಿದ್ರೆ 1939ರ ಕೊನೆಗೆ ಬಂದ ಅವನ ಮೂಲಕಥೆಯಲ್ಲಿ ಹುಡುಗನ ಕಣ್ಣೆದುರು ಅಪ್ಪ ಅಮ್ಮನ್ನ ಒಬ್ಬ ಕಳ್ಳ ಗುಂಡು ಹಾರಿಸಿ ಕೊಲ್ತಾನೆ. ಬಾಗಿಲು ತಟ್ಟೋ ಪ್ರಶ್ನೇನೇ ಇಲ್ಲ, ಹುಡುಗ ನೇರವಾಗಿ ಶಪಥ ಮಾಡ್ತಾನೆ. ಸಂತ್ರಸ್ತನೂ ಅವನೇ ಹೀರೋನೂ ಅವನೇ. ಜೊತೆಗೆ ಪೊಲೀಸ್ ಕಮಿಷನರ್ ಗಾರ್ಡನ್ ಅಂತ ಒಬ್ಬ ಮೊದಲ ಕಥೆಯಿಂದಲೇ ಇದಾನೆ, ಮುಂದೆ ಅವನೇ ಆಕಾಶಕ್ಕೆ ಲೈಟ್ ಬಿಟ್ಟು ಇವನನ್ನ ಕರೆಯೋಕೆ ಶುರು ಮಾಡ್ತಾನೆ. ಅಂದ್ರೆ ವ್ಯವಸ್ಥೆಯೇ ನಮ್ಮ ಕೈಲಾಗಲ್ಲ ನೀನು ಬಾ ಅಂತ ಒಪ್ಕೊಂಡಂಗೆ. ವಿರಾಟ ರಾಜ ಲೈಟ್ ಬಿಡೋದಿರಲಿ, ಮುಖ ಎತ್ತಿ ನೋಡಲೂ ಇಲ್ಲ. ಇಲ್ಲಿ ನಿಮಗೆ ಮೊದಲನೇ ನಿಜವಾದ ವ್ಯತ್ಯಾಸ ಸಿಕ್ತು, ಇದಕ್ಕೆ ಕಾಲಂ ಎಳೆಯೋ ಅಗತ್ಯ ಇಲ್ಲ, ಒಂದು ಪ್ಯಾರಾ ಬರೆದ್ರೆ ತಾನಾಗೇ ಗೊತ್ತಾಗುತ್ತೆ.

ಕೊಂದನಾ ಬಿಟ್ಟನಾ, ಯಾಕೆ

ಇಲ್ಲಿ ಹುಷಾರಾಗಿರಿ. ಸುಮಾರು ಜನ ಬರೆಯೋದು "ಪ್ರಾಚೀನ ವೀರರು ದುಷ್ಟರನ್ನು ಸಂಹರಿಸಿದರು, ಆಧುನಿಕ ನಾಯಕರು ಮಾನವೀಯತೆಯಿಂದ ಕಾನೂನಿಗೆ ಒಪ್ಪಿಸುತ್ತಾರೆ" ಅಂತ, ಓದಕ್ಕೆ ಚೆನ್ನಾಗಿದೆ. ಆದ್ರೆ ಬ್ಯಾಟ್‌ಮ್ಯಾನ್ ಕೊಲ್ಲಲ್ಲ ಅನ್ನೋ ನಿಯಮ ಹುಟ್ಟುವಾಗಲೇ ಇರ್ಲಿಲ್ಲ. 1939ರ ಮೇ ತಿಂಗಳ ಸಂಚಿಕೆಯ ಮೊದಲನೇ ಕಥೆಯಲ್ಲೇ ಅವನ ಏಟಿಗೆ ಕೆಟ್ಟವನು ಆಸಿಡ್ ತೊಟ್ಟಿಗೆ ಬಿದ್ದು ಸಾಯ್ತಾನೆ, ಇವನು ಬೇಜಾರೂ ಮಾಡ್ಕೊಳಲ್ಲ, ಇಂಥವರಿಗೆ ತಕ್ಕ ಗತಿ ಅಂತಾನೆ. ಶುರುವಿನ ಕೆಲವು ಕಥೆಗಳಲ್ಲಿ ಕೈಯಲ್ಲಿ ಪಿಸ್ತೂಲೂ ಇದೆ. ಓದೋರು ಮಕ್ಕಳು ಅಂತ ಸಂಪಾದಕರು ಆಮೇಲೆ ಕಡಿವಾಣ ಹಾಕಿದ್ರು.

ಜೋಕರ್ ವಿಷಯ ಇನ್ನೂ ಮಜಾ. 1940ರಲ್ಲಿ ಅವನು ಮೊದಲ ಸಲ ಬಂದ ಸಂಚಿಕೆಯಲ್ಲೇ ಸಾಯ್ಬೇಕಿತ್ತಂತೆ, ಇಂಥ ಒಳ್ಳೇ ವಿಲನ್ನನ್ನ ಯಾಕೆ ಸಾಯಿಸ್ತೀರಿ ಅಂತ ಸಂಪಾದಕರು ಕೊನೇ ಚಿತ್ರ ಬದಲಾಯಿಸಿ ಬದುಕಿಸಿದ್ರು. ಎಂಬತ್ತು ವರ್ಷದ ಮೇಲಾಯ್ತು, ಇನ್ನೂ ಹುಚ್ಚಾಸ್ಪತ್ರೆಯಿಂದ ತಪ್ಪಿಸ್ಕೊಳ್ತಾನೇ ಇದಾನೆ. ಅಂದ್ರೆ ಈ ಕಾಲದ ಕೆಡುಕು ಯಾಕೆ ಸಾಯಲ್ಲ ಅನ್ನೋದಕ್ಕೆ ಒಂದು ದೊಡ್ಡ ಕಾರಣ ಫಿಲಾಸಫಿ ಅಲ್ಲ ಸ್ವಾಮಿ, ಮುಂದಿನ ತಿಂಗಳ ಸಂಚಿಕೆ ಬರ್ಬೇಕು. ಇದನ್ನ ಬರೆಯೋಕೆ ಹಿಂಜರೀಬೇಡಿ. ಕಥೆ ಯಾವ ರೂಪದಲ್ಲಿ ಮಾರಾಟ ಆಗುತ್ತೆ ಅನ್ನೋದೂ ಹೀರೋನ ಕೈ ಕಟ್ಟುತ್ತೆ. ಹಳೇ ಕಾವ್ಯಕ್ಕೂ ಇಂಥ ಕಟ್ಟು ಇತ್ತು, ಪಂಪ 941ರ ಸುಮಾರಿಗೆ ಬರೆದಾಗ ಅರ್ಜುನನಲ್ಲಿ ತನ್ನ ರಾಜ ಅರಿಕೇಸರಿಯನ್ನ ಕೂರಿಸ್ದ, ಅದೇ ಶತಮಾನದ ಕೊನೆಗೆ ರನ್ನ ಭೀಮನಲ್ಲಿ ಸತ್ಯಾಶ್ರಯನ್ನ ಕೂರಿಸ್ದ. ಅಲ್ಲಿ ಸಂಪಾದಕರ ಬದಲು ಅರಮನೆ.

ರನ್ನನ ಹೆಸರು ಬಂತಲ್ಲ, ಇಲ್ಲೇ ಇನ್ನೊಂದು ಹೇಳಿಬಿಡ್ತೀನಿ. "ಹಿಂದೆ ಎಲ್ಲ ಬ್ಲಾಕ್ ಅಂಡ್ ವೈಟ್, ಈಗಿನ ಹೀರೋಗಳು ಗ್ರೇ" ಅನ್ನೋ ಡೈಲಾಗ್ ದಯವಿಟ್ಟು ಬರೀಬೇಡಿ, ಬರೆದ್ರೆ ಕನ್ನಡ ಓದಿದವರು ನಗ್ತಾರೆ. ರನ್ನನ ಗದಾಯುದ್ಧ ಕಾವ್ಯದಲ್ಲಿ ಭೀಮನೇ ನಾಯಕ, ಹೊಗಳಿಸಿಕೊಳ್ಳೋ ರಾಜನೂ ಅವನೇ, ಆದ್ರೆ ಓದಿ ಮುಗಿಸಿದ ಮೇಲೆ ಮನಸಲ್ಲಿ ಉಳಿಯೋದು ದುರ್ಯೋಧನ. ರಣರಂಗದಲ್ಲಿ ಹೆಣಗಳ ನಡುವೆ ನಡೆದು ಬರ್ತಾ ತನ್ನವರಿಗೆ ಅಳ್ತಾನೆ, ಶತ್ರುವಿನ ಮಗ ಅಭಿಮನ್ಯು ಬಿದ್ದಿರೋದು ನೋಡಿ ಅವನಿಗೂ ತಲೆಬಾಗ್ತಾನೆ. ವೈಶಂಪಾಯನ ಸರೋವರದಲ್ಲಿ ಅಡಗಿ ಕೂತಾಗ ಭೀಮ ದಡದ ಮೇಲೆ ನಿಂತು ಮೂದಲಿಸಿದ್ರೆ ನೀರೊಳಗೇ ಅವನು ಸಿಟ್ಟಿಗೆ ಬೆವರ್ತಾನೆ. ಕೊನೆಗೆ ಗೆಲ್ಲೋದು ಹೇಗೆ, ಗದಾಯುದ್ಧದ ನಿಯಮ ಮೀರಿ ತೊಡೆಗೆ ಹೊಡೆದು. ಸಾವಿರ ವರ್ಷದ ಹಿಂದೆಯೇ ಇಷ್ಟು ಗ್ರೇ ಇತ್ತು. ವಾಲಿಯನ್ನ ಮರೆಯಲ್ಲಿ ನಿಂತು ಹೊಡೆದಿದ್ದನ್ನಂತೂ ನಮ್ಮಜ್ಜಿ ಸಾಯೋವರೆಗೂ ರಾಮನಿಗೆ ಮಾಫಿ ಮಾಡ್ಲಿಲ್ಲ.

ಹಾಗೇನೇ "ವೀರ" ಅಂತ ಕಂಡಲ್ಲೆಲ್ಲ ಕೆಡುಕಿನ ವಿರುದ್ಧ ಹೋರಾಡಿದವನು ಅಂತ ತಿಳ್ಕೋಬೇಡಿ. ನಮ್ಮ ಊರೂರಲ್ಲಿರೋ ವೀರಗಲ್ಲುಗಳಲ್ಲಿ ಬಹಳಷ್ಟು ದನ ಹೊಡ್ಕೊಂಡು ಹೋಗೋರ ಜೊತೆ ಕಾದಾಡಿ ಸತ್ತವರದ್ದು, ಆಚೆ ಊರಲ್ಲಿ ಆ ಕಳ್ಳನಿಗೂ ಒಂದು ಕಲ್ಲು ನಿಲ್ಸಿರಬಹುದು. ಮಂಡ್ಯ ಜಿಲ್ಲೆ ಆತಕೂರಿನ ಕಲ್ಲಂತೂ, 949-50ರದ್ದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ಅದರ ಮೇಲೆ ಕಾಳಿ ಅನ್ನೋ ನಾಯಿ ಕಾಡುಹಂದಿ ಜೊತೆ ಹೊಡೆದಾಡಿ ಎರಡೂ ಸತ್ತಿದ್ದನ್ನ ಕೆತ್ತಿದಾರೆ. ಹಂದಿ ಪಾಪ ಯಾವ ಅಧರ್ಮ ಮಾಡಿತ್ತು.

ಮಾರನೇ ದಿನ ಬೆಳಿಗ್ಗೆ

ಈಗ ನಾನು ಹೇಳ್ಬೇಕು ಅಂತಿದ್ದ ಮುಖ್ಯ ವಿಷಯ. ಹೋಲಿಕೆ ಮಾಡೋರು ಎಲ್ಲ ಫೈಟ್ ಸೀನಿಗೆ ನಿಲ್ಲಿಸ್ತಾರೆ, ನೀವು ನಿಲ್ಲಿಸ್ಬೇಡಿ, ಮಾರನೇ ದಿನ ಆ ಊರಲ್ಲಿ ಏನಾಯ್ತು ಅಂತ ಹುಡುಕಿ. ನನಗೆ ಗೊತ್ತಿರೋ ಹಾಗೆ ಹಳೇದು ಹೊಸದು ನಿಜವಾಗಿ ಬೇರೆ ಆಗೋದು ಅಲ್ಲೇ.

ಕೀಚಕ ಸತ್ತ. ಸಿನಿಮಾ ಆಗಿದ್ರೆ ಇಲ್ಲಿಗೆ ಶುಭಂ. ಮಹಾಭಾರತದಲ್ಲಿ ಏನಾಗುತ್ತೆ ಅಂದ್ರೆ, ಅವನ ಕಡೆಯವರು ಉಪಕೀಚಕರು ನೂರೈದು ಜನ ಬಂದು ಇವಳಿಂದಲೇ ನಮ್ಮವನು ಸತ್ತಿದ್ದು, ಇವಳನ್ನೂ ಅವನ ಹೆಣದ ಜೊತೆ ಸುಡ್ತೀವಿ ಅಂತ ಕಟ್ಟಿ ಹೊತ್ಕೊಂಡು ಸ್ಮಶಾನಕ್ಕೆ ಹೊರಡ್ತಾರೆ. ರಾಜ ಅದಕ್ಕೂ ಹೂಂ ಅಂತಾನೆ! ದಾರೀಲಿ ಅವಳು ತಮ್ಮತಮ್ಮಲ್ಲೇ ಇಟ್ಕೊಂಡಿದ್ದ ಗುಟ್ಟಿನ ಹೆಸರುಗಳನ್ನ ಕೂಗ್ತಾಳೆ, ಜಯ, ಜಯಂತ, ವಿಜಯ ಅಂತ, ನಿಜವಾದ ಹೆಸರು ಆ ಗಳಿಗೆಯಲ್ಲೂ ಬಾಯಿಗೆ ಬರಲ್ಲ. ಭೀಮ ವೇಷ ಬದಲಿಸಿ ಗೋಡೆ ಹಾರಿ ಮರ ಕಿತ್ಕೊಂಡು ಬಂದು ನೂರೈದನ್ನೂ ಮುಗಿಸ್ತಾನೆ. ಸರಿ, ಈಗಲಾದ್ರೂ ಊರು ನೆಮ್ಮದಿನಾ ಅಂದ್ರೆ ಇಲ್ಲ. ರಾಜನಿಗೆ ಈಗ ಸೈರಂಧ್ರಿ ಕಂಡ್ರೆ ಭಯ, ರಾಣಿ ಕೈಲಿ ಹೇಳಿಸ್ತಾನೆ, ನೀನು ಎಲ್ಲಾದ್ರೂ ಹೊರಟುಹೋಗಮ್ಮ ಅಂತ. ಒದೆ ತಿಂದವಳೂ ಅವಳೇ, ಸುಡೋಕೆ ಹೊತ್ತೊಯ್ದಿದ್ದೂ ಅವಳನ್ನೇ, ಈಗ ಊರು ಬಿಡ್ಬೇಕಾದವಳೂ ಅವಳೇ. ಅವಳು ಇನ್ನು ಹದಿಮೂರು ದಿನ ಇರೋಕೆ ಬಿಡಿ ಅಂತ ಕೇಳ್ಕೋತಾಳೆ, ವೇಷ ಮರೆಸ್ಕೊಂಡಿರೋ ಅವಧಿ ಮುಗಿಯೋಕೆ ಉಳಿದಿದ್ದು ಅಷ್ಟೇ. ಯಾಕೆ ಹದಿಮೂರು ಅಂತ ಕೇಳೋ ಅಷ್ಟು ಬುದ್ಧಿಯೂ ಅವರಿಗಿಲ್ಲ.

ಇನ್ನೂ ಇದೆ. ಕೀಚಕ ಎಂಥಾ ನೀಚನಾದ್ರೂ ಆ ದೇಶದ ಗಡಿ ಕಾಯ್ತಿದ್ದಿದ್ದು ಅವನೇ. ಅವನ ಹೆಸರು ಕೇಳಿದ್ರೆ ಹೆದರ್ತಿದ್ದ ತ್ರಿಗರ್ತದ ಸುಶರ್ಮ, ಈಗ ಅವನಿಲ್ಲ ಹಸು ಹೊಡೆಯೋಣ ಅಂತ ಕೌರವರಿಗೆ ಐಡಿಯಾ ಕೊಟ್ಟ, ದಂಡು ಬಂತು. ನಮ್ಮ ಕಡೆ ಕಥೆ ಹೇಳೋರು ಇನ್ನೂ ಒಂದು ಸೇರಿಸ್ತಾರೆ, ಕೀಚಕನ್ನ ಬರೀ ಕೈಯಲ್ಲಿ ಕೊಲ್ಲೋ ತಾಕತ್ತು ಭೀಮನಿಗಲ್ದೆ ಯಾರಿಗಿದೆ ಅಂತ ಕೌರವನಿಗೆ ವಾಸನೆ ಹತ್ತಿದ್ದು ಇಲ್ಲೇ ಅಂತ. ಕೆಡುಕನ್ನ ಕಿತ್ತ ಜಾಗದಲ್ಲಿ ಗುಂಡಿ ಬಿತ್ತು, ಆ ಗುಂಡಿಗೆ ಇಡೀ ದೇಶ ಜಾರಿತು, ಗುಟ್ಟೂ ಅರ್ಧ ಬಯಲಾಯ್ತು.

ಬ್ಯಾಟ್‌ಮ್ಯಾನ್ ಕಥೆಯಲ್ಲಿ ಮಾರನೇ ಬೆಳಿಗ್ಗೆ ಅನ್ನೋದು ಹೆಚ್ಚುಕಮ್ಮಿ ಇಲ್ಲ. ಕಳ್ಳ ಜೈಲಿಗೆ ಹೋದ, ಬ್ರೂಸ್ ವೇಯ್ನ್ (ಮುಖವಾಡ ತೆಗೆದ್ರೆ ಬ್ಯಾಟ್‌ಮ್ಯಾನ್ ಇವನೇ) ಮತ್ತೆ ಕೋಟ್ ಹಾಕ್ಕೊಂಡು ಪಾರ್ಟಿಗೆ ಹೋದ, ಊರು ನಿನ್ನೆ ಹೇಗಿತ್ತೋ ಹಾಗೇ. ಕಾಪಾಡಿದ್ದು ಯಾರನ್ನೋ, ಅವರ ಮನೇಲಿ ಆಮೇಲೆ ಏನಾಯ್ತು ಅಂತ ನಾವು ಯಾವತ್ತೂ ಕೇಳ್ಕೊಂಡಿಲ್ಲ. ಬೆಲೆ ತೆರೋದು ಹೀರೋ ಒಬ್ಬನೇ, ಒಂಟಿತನ, ಗಾಯ, ನಿದ್ದೆ ಇಲ್ಲ, ಅದನ್ನ ಈಚಿನ ಕಥೆಗಳು ಬಹಳ ಚೆನ್ನಾಗಿ ತೋರಿಸ್ತಾವೆ, ಅದರಲ್ಲಿ ಎರಡು ಮಾತಿಲ್ಲ. ಭೀಮ ಅಳೋದನ್ನ ವ್ಯಾಸ ಒಂದು ಕ್ಷಣ ತೋರಿಸಿ ಮುಂದೆ ಹೋಗ್ತಾನೆ, ಇವರು ಇಡೀ ಸಂಚಿಕೆ ಅದಕ್ಕೇ ಕೊಡ್ತಾರೆ. ಹೀರೋ ಒಳಗೆ ಏನು ನಡೀತಿದೆ ಅನ್ನೋದ್ರಲ್ಲಿ ಹೊಸದು ಮುಂದೆ, ಹೀರೋ ಹೊಡೆದ ಏಟು ಊರಿಗೆ ಏನು ಮಾಡ್ತು ಅನ್ನೋದ್ರಲ್ಲಿ ಹಳೇದು ಮುಂದೆ. ಇದು ನನ್ನ ಅಭಿಪ್ರಾಯ, ನೀವು ಒಪ್ಪದೇ ಬರೆದ್ರೂ ನಡಿಯುತ್ತೆ, ಸೀನು ಇಟ್ಟು ವಾದ ಮಾಡಿ ಅಷ್ಟೆ.

ಮುಖವಾಡ ಇಲ್ಲದವರು

ಅಸೈನ್‌ಮೆಂಟಿಗೆ ಜಾಗ ಇದ್ರೆ ಕಥೆಯ ಹೊರಗಿನ ಒಬ್ಬರನ್ನ ತನ್ನಿ, ಇದೇ ಹೆಸರು ಮುಚ್ಚಿಡೋ ವಿಷಯಕ್ಕೆ. ಸತ್ಯೇಂದ್ರ ದುಬೆ ಅಂತ ಐಐಟಿ ಕಾನ್ಪುರದಲ್ಲಿ ಓದಿದ ಇಂಜಿನಿಯರ್, ಸುವರ್ಣ ಚತುಷ್ಪಥ ಹೆದ್ದಾರಿ ಕೆಲಸದಲ್ಲಿದ್ರು, ಜಾರ್ಖಂಡಿನ ಕೋಡರ್ಮಾದಲ್ಲಿ. ಅಲ್ಲಿ ನಡೀತಿದ್ದ ಅಕ್ರಮದ ಬಗ್ಗೆ 2002ರಲ್ಲಿ ಪ್ರಧಾನಿಗೆ ಪತ್ರ ಬರೆದು, ನನ್ನ ಹೆಸರು ಗುಟ್ಟಾಗಿಡಿ ಅಂತ ಕೇಳ್ಕೊಂಡಿದ್ರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಓಡಾಡ್ತು. 2003ರ ನವೆಂಬರ್ 27ರ ಬೆಳಗಿನ ಜಾವ ಗಯಾದಲ್ಲಿ ಅವರನ್ನ ಗುಂಡಿಟ್ಟು ಕೊಂದ್ರು, ಮೂವತ್ತು ವರ್ಷ ವಯಸ್ಸು. ತನಿಖೆ ಅದನ್ನ ದರೋಡೆ ಅಂತು, 2010ರಲ್ಲಿ ಮೂವರಿಗೆ ಶಿಕ್ಷೆ ಆಯ್ತು, ಮನೆಯವರಿಗೆ ಆ ದರೋಡೆ ಕಥೆ ಮೇಲೆ ನಂಬಿಕೆ ಬರಲಿಲ್ಲ. ದೂರು ಕೊಟ್ಟವರ ಹೆಸರು ಕಾಪಾಡೋ ಸರ್ಕಾರಿ ಆದೇಶ 2004ರಲ್ಲಿ ಬಂತು, ಸಂಸತ್ತಿನ ಕಾನೂನು 2014ರಲ್ಲಿ.

ಇವರನ್ನ ಭೀಮನ ಪಕ್ಕ ಕೂರಿಸ್ಬೇಡಿ, ದ್ರೌಪದಿ ಪಕ್ಕ ಕೂರಿಸಿ. ಇದನ್ನ ಹೇಳ್ದಾಗ ಅಕ್ಕನ ಮಗಳು ಸ್ವಲ್ಪ ಹೊತ್ತು ಸುಮ್ನಾದ್ಲು. ದೂರು ಕೊಟ್ಟವರು ಇವರು, ಸಭೆಗೆ ಹೋದವರು ಇವರು, ಸಭೆ ಹೆಸರು ಬಯಲು ಮಾಡ್ತು, ಅಡುಗೆಮನೇಲಿ ಮಲಗಿರೋ ಭೀಮ ಯಾರೂ ಇರ್ಲಿಲ್ಲ. ನಿಜವಾದ ವ್ಯಕ್ತಿಯ ಬಗ್ಗೆ ಬರೆಯೋವಾಗ ಮಾತ್ರ ಒಂದು ಎಚ್ಚರ, ಯಾರು ಕೊಲ್ಲಿಸಿದ್ರು ಅಂತ ನೀವೇ ತೀರ್ಪು ಕೊಡ್ಬೇಡಿ, ಗೊತ್ತಿರೋದಷ್ಟೇ ಬರೀರಿ, ವಿಶೇಷಣ ಕಮ್ಮಿ ಮಾಡಿ. "ಧೀರ" "ಅಮರ" ಅಂತ ಹಾಕಿದಷ್ಟೂ ಅವರು ಪುರಾಣದ ಕಡೆ ಜಾರ್ತಾರೆ.

ಬರೆಯೋಕೆ ಕೂತಾಗ

ಪೀಠಿಕೆ ಬಿಡಿ. "ಅನಾದಿ ಕಾಲದಿಂದಲೂ ಒಳಿತು ಕೆಡುಕುಗಳ ಸಂಘರ್ಷ" ಅಂತ ಶುರುವಾಗೋ ಪೇಪರನ್ನ ಮೇಷ್ಟ್ರುಗಳು ಎಷ್ಟು ಸಾವಿರ ಓದಿರ್ತಾರೋ, ಪಾಪ. ಸೀದಾ ಸೀನಿಗೆ ಇಳೀರಿ. ಭೀಮನ್ನ ಪೂರ್ತಿ ಹೇಳಿ ಆಮೇಲೆ ಬ್ಯಾಟ್‌ಮ್ಯಾನನ್ನ ಪೂರ್ತಿ ಹೇಳೋ ಬದಲು ಪ್ರಶ್ನೆ ಹಿಡ್ಕೊಂಡು ಹೋಗಿ, ಬಾಗಿಲು, ಗುಟ್ಟು, ಏಟು, ಬೆಳಿಗ್ಗೆ, ಒಂದೊಂದು ಪ್ರಶ್ನೆಯಲ್ಲೂ ಇಬ್ಬರೂ ಬರಲಿ. ಇಬ್ಬರಿಗೂ ಸರಿಸಮ ಜಾಗ ಕೊಡ್ಲೇಬೇಕು ಅಂತೇನಿಲ್ಲ, ಒಂದು ಕಡೆ ಒಬ್ಬನ ಬಗ್ಗೆ ಹೇಳೋಕೆ ಜಾಸ್ತಿ ಇದ್ರೆ ಜಾಸ್ತಿನೇ ಬರೀರಿ. ಯಾವ ಭಾರತದಿಂದ ತಗೊಂಡ್ರಿ ಅಂತ ಮರೀದೆ ಹೇಳಿ, ವ್ಯಾಸಂದು ಕುಮಾರವ್ಯಾಸಂದು ಟಿವಿ ಸೀರಿಯಲ್ಲಿಂದು ಒಂದರೊಳಗೊಂದು ಕಲಸಿಹೋದ್ರೆ ಸಿಕ್ಕಿಹಾಕ್ಕೋತೀರ. ಬ್ಯಾಟ್‌ಮ್ಯಾನಿಗೂ ಹಾಗೇನೇ, ಕಾಮಿಕ್ಸಾ ಸಿನಿಮಾನಾ, ಯಾವ ಕಾಲದ್ದು ಅಂತ ಒಂದು ಸಾಲು ಇರಲಿ, ಯಾಕಂದ್ರೆ ಸಿನಿಮಾದ ಬ್ಯಾಟ್‌ಮ್ಯಾನ್ ಒಬ್ಬೊಬ್ಬ ನಿರ್ದೇಶಕನ ಕೈಲಿ ಒಂದೊಂದು ಥರ. ಬರೆದಾದ್ಮೇಲೆ ಪ್ರತಿ ಪ್ಯಾರಾದ ಪಕ್ಕ ಪೆನ್ಸಿಲಲ್ಲಿ "ಅದಕ್ಕೇನೀಗ" ಅಂತ ಬರ್ಕೊಳ್ಳಿ, ಉತ್ತರ ಇಲ್ಲದ ಪ್ಯಾರಾ ಹೊಡೆದು ಹಾಕಿ. ನನ್ನ ಹದಿನಾರು ಸಾಲಿನ ಟೇಬಲ್ಲಿಗೆ ಇದನ್ನ ಮಾಡಿದ್ರೆ ಉಳೀತಿದ್ದಿದ್ದು ಬಾರ್ಡರ್ ಮಾತ್ರ.

ಭಾನುವಾರ ರಾತ್ರಿ ಹನ್ನೊಂದಕ್ಕೆ ಅವಳ ಮೆಸೇಜ್ ಬಂತು. ಆರು ಪೇಜ್ ಲಿಮಿಟ್, ಒಂಬತ್ತಾಗಿದೆ, ಯಾರನ್ನ ಕಿತ್ತಾಕ್ಲಿ ಅಂತ. ಮೊದಲ ಪೇಜಿನ ಫೋಟೋ ಕಳಿಸಿದ್ಲು, ಶುರುವಾಗೋದೇ ಸೈರಂಧ್ರಿ ಹದಿಮೂರು ದಿನ ಟೈಮ್ ಕೇಳೋದ್ರಿಂದ, ಎರಡನೇ ಪೇಜ್ ಪೂರ್ತಿ ಸುದೇಷ್ಣೆ, ಭೀಮ ಬರೋದೇ ಮೂರರಲ್ಲಿ. ರಾಕಿ ಭಾಯ್ ಬಗ್ಗೆಯೂ ಎಲ್ಲೋ ನುಗ್ಗಿಸಿದ್ಲು, ಒಂದೂವರೆ ಪೇಜು. ಅದನ್ನೇ ಕಿತ್ತಾಕು ಅಂದೆ. ಅಳೋ ಎಮೋಜಿ ಹಾಕಿ, ಬೇಕಿದ್ರೆ ಬ್ಯಾಟ್‌ಮ್ಯಾನ್ ತೆಗೀತೀನಿ ಅಂದ್ಲು.